ತಾನಾಗೇ ಸೀಳ್ತು ಅನ್ನು

ಕಾರಿನ ಡಿಕ್ಕಿಯ ಮುಚ್ಚಳ ಮೆಲ್ಲಗೆ ಒತ್ತಿದರೆ ಕೂರುತ್ತಿರಲಿಲ್ಲ. ಗೋಪಾಲಪ್ಪ ಎರಡು ಅಂಗೈಗಳನ್ನೂ ಅದರ ಮೇಲಿಟ್ಟು, ಮಲಗಿದ ಮಗುವಿನ ಎದೆ ಮುಟ್ಟುವವನಂತೆ ಒತ್ತಿದ. ಅದು ಕಚ್ಚಿಕೊಂಡಂತೆ ಮಾಡಿ, ಕೈ ತೆಗೆದೊಡನೆ ಮತ್ತೆ ಬಾಯಿ ಬಿಟ್ಟಿತು. ಒಳಗೆ ಚಕ್ಕೋತ ಹಣ್ಣಿನ ಬುಟ್ಟಿ. ಬೆಂಗಳೂರು ದಂಡಿನಲ್ಲಿದ್ದ ಕಾರು ಕಂಪನಿಯ ಮ್ಯಾನೇಜರಿಗೆ ಕೊಡಲೆಂದು ಮಾವ ಪಿಳ್ಳಪ್ಪನವರು ತೋಟದಲ್ಲಿ ತಾವೇ ನಿಂತು ಕೀಳಿಸಿದ್ದು. ಈಗ ಅವರು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ ಅಳಿಯನ ಕೈಗಳನ್ನೇ ನೋಡುತ್ತಿದ್ದರು. ಬಾಗಿಲ ಮರೆಯಲ್ಲಿ ಹೆಂಡತಿ ಅಂಜಿನಮ್ಮನ ಬಳೆಯ ಸದ್ದು. ಬಾನೆಟ್ಟಿನ ಮೇಲಿನ ಧೂಳು ಒರೆಸುತ್ತಿದ್ದ ಡ್ರೈವರ್ ಮುನಿಶಾಮಪ್ಪ ತಲೆಯೆತ್ತದೆ, "ಜೋರಾಗಿ ಬಡೀರಿ ಸ್ವಾಮಿ, ಅದು ಹಂಗೆಲ್ಲ ಕೇಳಾಕಿಲ್ಲ" ಎಂದ. ಬಡೀರಿ ಎಂದನೇ? ಬೇಕೆಂದೇ ಆ ಮಾತು ಆರಿಸಿದನೇ? ಗೋಪಾಲಪ್ಪನ ಕುತ್ತಿಗೆಯ ಹಿಂಭಾಗ ಬಿಸಿಯಾಯಿತು. ಮುಚ್ಚಳದ ಸರಿ ಮೇಲೆ, ಅವನ ಮುಖಕ್ಕೆ ನೇರವಾಗಿ, ಕಾರಿನ ಹಿಂದಿನ ಗಾಜು. ಅದರ ಎಡ ಮೂಲೆಯಿಂದ ಹೊರಟ ಬಿರುಕು ಹೊಲದ ಬದುವಿನ ಹಾಗೆ ಓರೆಯಾಗಿ ನಡುವಿನವರೆಗೂ ಏರಿ, ಅಲ್ಲಿ ಏನೋ ನೆನಪಾಗಿ ನಿಂತುಬಿಟ್ಟಂತೆ ನಿಂತಿತ್ತು. ಕೊನೆಗೆ ಮುನಿಶಾಮಪ್ಪನೇ ಬಂದು ಒಂದೇ ಏಟಿಗೆ ಡಿಕ್ಕಿ ಮುಚ್ಚಿದ. ಆ ಸದ್ದಿಗೆ ಗೋಪಾಲಪ್ಪ ಕಣ್ಣು ಮುಚ್ಚಿಕೊಂಡ.

"ಅಲ್ಲಿ ಹೋಗಿ ಏನಂತೀಯಪ್ಪ?" ಪಿಳ್ಳಪ್ಪ ಕೇಳಿದರು.

"ತಾನಾಗೇ ಸೀಳ್ತು ಅಂತೀನಿ ಮಾವ."

"ಹ್ಞೂ, ತಾನಾಗೇ ಸೀಳ್ತು ಅನ್ನು. ಇಂಗ್ಲೀಷಲ್ಲೇ ಅನ್ನು. ಕಲ್ಲು ಬಿತ್ತು ಗಿಲ್ಲು ಬಿತ್ತು ಅಂದ್ಬಿಟ್ಟೀಯ, ಗ್ಯಾರಂಟಿ ಕೊಡಾಕಿಲ್ಲ ಅವ್ರು." ಆಮೇಲೆ ಡ್ರೈವರಿನ ಕಡೆ ತಿರುಗಿ, ಅದೇ ಉಸಿರಿನಲ್ಲಿ, "ಲೇ ಮುನಿಶಾಮಿ, ಗಾಜು ಹಾಕಿಸ್ಕೊಂಡು ಬಾ. ಬಂದು ಬೀಗದಕೈ ಇಲ್ಲಿಡು, ನಿನ್ನ ಟ್ರಂಕು ಎತ್ಕೊಂಡು ಹೊರಡು. ಮುರ್ದಿದ್ದು ಸಾಕು" ಎಂದರು.

"ಆಗ್ಲಿ ಗೌಡ್ರೇ" ಎಂದ ಮುನಿಶಾಮಪ್ಪ. ನಾಳೆ ಎಮ್ಮೆಗೆ ಹುಲ್ಲು ತರಬೇಕು ಎಂದರೂ ಅವನು ಇದೇ ದನಿಯಲ್ಲಿ ಆಗ್ಲಿ ಎನ್ನುತ್ತಿದ್ದ.

ಒಂದೇ ಬಾಯಿ, ಎರಡು ಮಾತು: ಕಂಪನಿಗಾದರೆ ಗಾಜು ತಾನಾಗೇ ಸೀಳಿತು, ಮನೆಗಾದರೆ ಡ್ರೈವರು ಮುರಿದ. ಇದು ಮಾವನಿಗೆ ಹೊಳೆಯಲಿಲ್ಲವೇ, ಅಥವಾ ಹೊಳೆದೂ ಎರಡೂ ಒಟ್ಟಿಗಿರಲಿ ಎಂದುಕೊಂಡರೇ? ಕಾರು ಊರ ಕೋಟೆಯ ಬಾಗಿಲು ದಾಟುವಾಗ ಗೋಪಾಲಪ್ಪ ಅದನ್ನೇ ಯೋಚಿಸುತ್ತ, ತನಗೆ ಯೋಚಿಸಲು ಬೇರೆ ಏನೋ ಇದೆ ಎಂಬುದನ್ನು ದೂರ ತಳ್ಳುತ್ತಿದ್ದ. ಅವನು ಹಿಂದಿನ ಸೀಟಿನಲ್ಲಿ ಕೂತಿದ್ದ. ಮಾವ ಜೊತೆಗಿದ್ದರೆ ಅವನ ಜಾಗ ಮುಂದೆ, ಡ್ರೈವರಿನ ಪಕ್ಕ, ತೊಡೆಯ ಮೇಲೆ ಮಾವನ ಕೋಟು, ಕಾಲ ಬಳಿ ಎಲೆ ಚೀಲ. ಈ ಹೊತ್ತೂ ಮುಂದಿನ ಬಾಗಿಲಿಗೇ ಕೈಹಾಕಿದ್ದ. ಮುನಿಶಾಮಪ್ಪ, "ಹಿಂದುಕ್ಕೆ ಕೂತ್ಕಳಿ, ಇವತ್ತು ನೀವೇ ಯಜಮಾನ್ರು" ಎಂದಿದ್ದ. ಮುಂದಿನ ಸಣ್ಣ ಕನ್ನಡಿಯಲ್ಲಿ ಈಗ ಡ್ರೈವರಿನ ಕಣ್ಣು ಕಾಣುತ್ತಿತ್ತು. ಆ ಕಣ್ಣಿಗೆ ಕಾಣುವುದಾದರೂ ಏನು? ತನ್ನ ತಲೆ, ತಲೆಯ ಹಿಂದೆ ಬಿರುಕು. ಗೋಪಾಲಪ್ಪ ಬಲಕ್ಕೆ ಸರಿದು ಕೂತ. ಕಿಟಕಿಯಾಚೆ ಹುಣಿಸೆ ಮರಗಳು ಒಂದೊಂದಾಗಿ ಹಿಂದೆ ಓಡಿದವು. ಕಳೆದ ವರ್ಷ ಸ್ವಾತಂತ್ರ್ಯ ಬಂದ ದಿನ ಇದೇ ರಸ್ತೆಯಲ್ಲಿ ಮಾವನ ಜೊತೆ ಗಾಡಿಯಲ್ಲಿ ಬಂದಿದ್ದ. ಆಗ ಕಾರು ಇರಲಿಲ್ಲ. ಯುದ್ಧದುದ್ದಕ್ಕೂ ದಂಡಿನ ಪಟಾಲಮ್ಮಿಗೆ ಆಲೂಗಡ್ಡೆ, ಕೋಸು ಒದಗಿಸಿ ಪಿಳ್ಳಪ್ಪ ಗಳಿಸಿದ್ದರು. ಕಾರು ಬಂದದ್ದು ಈ ಯುಗಾದಿಯ ಮೇಲೆ. ಅದು ಬಂದ ದಿನ ಕೋಟೆಯೊಳಗಿನ ಬೀದಿಯೆಲ್ಲ ಬಂದು ಮುಟ್ಟಿ ನೋಡಿ ಹೋಗಿತ್ತು. ಯಾರೋ ಮುದುಕಿ ಬಾನೆಟ್ಟಿಗೆ ಕುಂಕುಮ ಹಚ್ಚಿ, ಪಕ್ಕದಲ್ಲಿ ನಿಂತಿದ್ದ ಗೋಪಾಲಪ್ಪನ ಹಣೆಗೂ ಹಚ್ಚಿ ನಕ್ಕಿದ್ದಳು. ಎರಡೂ ಮನೆಗೆ ಹೊಸದಾಗಿ ಬಂದ ಸಾಮಾನು ಎಂಬಂತೆ.

ತೂಬಗೆರೆಯ ತನ್ನ ಮನೆಯಲ್ಲಿ ಅಣ್ಣಂದಿರ ನಡುವೆ ಕಿರಿಯವನಾಗಿ, ಬೆಂಗಳೂರಿನಲ್ಲಿ ಇಂಟರ್ ಓದಿ, ಅದರಲ್ಲಿ ನಪಾಸಾಗಿ, ಓದಿದ ಹುಡುಗ ಎಂಬ ಹೆಸರು ಮಾತ್ರ ಉಳಿದಿದ್ದಾಗ ಪಿಳ್ಳಪ್ಪ ಬಂದು ಒಬ್ಬಳೇ ಮಗಳಿಗೆ ಅವನನ್ನು ಕೇಳಿದ್ದರು. ಮನೆ ಅಳಿಯ. ಆ ಮಾತನ್ನು ಯಾರೂ ಅವನ ಎದುರು ಆಡುತ್ತಿರಲಿಲ್ಲ, ಶನಿವಾರದವರೆಗೆ. ಶನಿವಾರ ಹೊಸಕೋಟೆಯ ನೆಂಟರು ಬಂದಿದ್ದರು. ಜಗಲಿಯ ಮೇಲೆ ಸಾಲಾಗಿ ಕೂತು ಕಾರನ್ನು ಹೊಗಳುತ್ತಿದ್ದಾಗ ಅವರಲ್ಲೊಬ್ಬ, "ಕಾರು ಯಾರ ಹೆಸ್ರಲ್ಲೈತೆ ಮಾವ, ಅಳಿಯಂದ್ರ ಹೆಸ್ರಲ್ಲೇ ಏನು?" ಎಂದು ಕೇಳಿದ. ಪಿಳ್ಳಪ್ಪ ಎಲೆ ಅಗಿಯುವುದನ್ನು ನಿಲ್ಲಿಸದೆ, "ಕಾರು ನನ್ನ ಹೆಸ್ರಲ್ಲಿ, ಅಳಿಯ ಮಗಳ ಹೆಸ್ರಲ್ಲಿ" ಎಂದರು. ಜಗಲಿಯೇ ಅಲುಗಾಡುವಂತೆ ಎಲ್ಲರೂ ನಕ್ಕರು. ಗೋಪಾಲಪ್ಪನೂ ನಕ್ಕ. ಈಗ ನೆನೆದರೆ ಮೈ ಉರಿಯುವುದು ಮಾವನ ಮಾತಿಗಲ್ಲ, ತನ್ನ ನಗುವಿಗೆ. ಎಲ್ಲರ ನಗು ನಿಂತ ಮೇಲೂ ತನ್ನದು ಒಂದಿಷ್ಟು ಮುಂದುವರಿದು, ಒಬ್ಬಂಟಿಯಾಗಿ ಕೇಳಿಸಿ, ನಾಚಿ ನಿಂತಿತ್ತು. "ಹೋಗಪ್ಪ, ಡಿಕ್ಕೀಲಿ ಎಲೆ ಚೀಲ ಐತೆ, ತಗೊಂಬಾ" ಎಂದು ಮಾವ ಹೇಳಿದ್ದೇ ತಡ, ಎದ್ದು ಹೋಗಿದ್ದ. ಆಗ ದೀಪ ಹಚ್ಚುವ ಹೊತ್ತು. ಮೊದಲು ಎತ್ತಿನ ಗಾಡಿ ನಿಲ್ಲುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಕಾರು. ಕತ್ತಲಲ್ಲಿ ಚೀಲ ತೆಗೆದು ಮುಚ್ಚಳವನ್ನು ಬಡಿದ. ಮತ್ತೆ ಎತ್ತಿ ಇನ್ನೊಮ್ಮೆ ಬಡಿದ. ಮೊದಲನೆಯ ಸಲವೇ ಅದು ಕೂತಿತ್ತಲ್ಲ, ಎರಡನೆಯದು ಯಾಕೆ? ಎರಡನೆಯ ಏಟಿನಲ್ಲಿ ಚಿಟ್ ಎಂದು ಏನೋ ಕೇಳಿತು. ಕೇಳಿತೇ? ಭಾನುವಾರ ಬೆಳಿಗ್ಗೆ ಬಿರುಕು ಕಂಡ ಮೇಲೆ ಆ ಸದ್ದು ಹುಟ್ಟಿಕೊಂಡಿತೇ? ಭಾನುವಾರ ಅಂಗಳದಲ್ಲಿ ಪಿಳ್ಳಪ್ಪ ಡ್ರೈವರಿನ ಮೇಲೆ ಕೂಗಾಡಿದಾಗ ಮುನಿಶಾಮಪ್ಪ ಒಮ್ಮೆ, ಒಂದೇ ಒಮ್ಮೆ, ಗೋಪಾಲಪ್ಪನ ಕಡೆ ನೋಡಿ, "ನಂಗೆ ಗೊತ್ತಿಲ್ಲ ಗೌಡ್ರೇ" ಎಂದಿದ್ದ. ಗೋಪಾಲಪ್ಪ ಆ ಹೊತ್ತಿಗೆ ಬಾವಿಕಟ್ಟೆಯ ಮೇಲಿದ್ದ ಕಾಗೆಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದ.

ಯಲಹಂಕ ದಾಟಿತು. ಹೆಬ್ಬಾಳದ ಕೆರೆಯ ಮೇಲಿನ ಗಾಳಿ ತಣ್ಣಗೆ ಒಳಬಂತು. ಹೇಳಿಬಿಡಬೇಕು. ಯಾರಿಗೆ? ಕಂಪನಿಯವರಿಗೆ ಹೇಳಿದರೆ ಗ್ಯಾರಂಟಿ ಹೋಗುತ್ತದೆ, ವಿಷಯ ಮಾವನಿಗೆ ತಲುಪುತ್ತದೆ, ಮುನಿಶಾಮಪ್ಪ ಉಳಿಯುತ್ತಾನೆ. ಮುಂದೆ ಕಾಣುವ ಅವನ ಬೆನ್ನನ್ನು ನೋಡುತ್ತ, ಬರ್ಮಾದ ಯುದ್ಧದಲ್ಲಿ ಲಾರಿ ಓಡಿಸಿ ಬಂದವನು, ಇವನಿಗೆ ಇನ್ನೊಂದು ಕೆಲಸ ಸಿಗದೆ ಇರುತ್ತದೆಯೇ ಎಂದು ಯೋಚಿಸಿದ. ಹೀಗೆ ಯೋಚಿಸಿದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟ. ಆ ಅಸಹ್ಯದಲ್ಲೂ ಒಂದು ಸುಖವಿದೆ ಎನ್ನಿಸಿ ಇನ್ನಷ್ಟು ಕುಗ್ಗಿದ. ಬಾಯಲ್ಲಿ ಮಾತ್ರ ಇಂಗ್ಲೀಷಿನ ವಾಕ್ಯವೊಂದು ತಾನಾಗಿ ಉರುಳುತ್ತಿತ್ತು: ಇಟ್ ಕ್ರ್ಯಾಕ್ಡ್ ಬೈ ಇಟ್‌ಸೆಲ್ಫ್, ಸರ್. ಬೈ ಇಟ್‌ಸೆಲ್ಫ್ ಎನ್ನುವಾಗ ಪ್ರತಿಸಲವೂ ನಾಲಿಗೆ ತೊಡರುತ್ತಿತ್ತು.

ಕಂಪನಿಯ ಅಂಗಡಿ ದೊಡ್ಡ ದೊಡ್ಡ ಗಾಜಿನದು. ಒಳಗೆ ಹೊಸ ಕಾರುಗಳು ಮದುವೆಗೆ ಸಿಂಗರಿಸಿದಂತೆ ನಿಂತಿದ್ದವು. ಮ್ಯಾನೇಜರು ಸಿಗಲಿಲ್ಲ. ಟೈ ಕಟ್ಟಿದ ಗುಮಾಸ್ತನೊಬ್ಬ ಗ್ಯಾರಂಟಿ ಕಾಗದದ ಮೇಲೆ ಕಣ್ಣಾಡಿಸಿ, ಚಕ್ಕೋತದ ಬುಟ್ಟಿಯನ್ನು ಮೇಜಿನ ಕೆಳಗೆ ಕಾಲಿನಿಂದ ತಳ್ಳಿ, "ಹಿಂದುಗಡೆ ವರ್ಕ್‌ಶಾಪಿಗೆ ಹೋಗಿ" ಎಂದು ಕನ್ನಡದಲ್ಲೇ ಹೇಳಿದ. ಕಟ್ಟಿಕೊಂಡು ಬಂದ ಇಂಗ್ಲೀಷು ಗಂಟಲಲ್ಲೇ ಉಳಿಯಿತು. ಮುನಿಶಾಮಪ್ಪ ಕಾರನ್ನು ಹಿಂದೆ ತಂದು ನಿಲ್ಲಿಸಿ, "ಒಂದು ಬೀಡಿ ಸೇದ್ಕೊಂಡು ಬರ್ತೀನಿ ಸ್ವಾಮಿ" ಎಂದು ಗೇಟಿನಾಚೆ ಹೋದ. ಬೇಕೆಂದೇ ಹೋದನೇ? ತಾನು ಸುಳ್ಳು ಹೇಳುವುದನ್ನು ಕೇಳಬಾರದೆಂದೇ? ವರ್ಕ್‌ಶಾಪಿನ ಮೇಸ್ತ್ರಿ ದಂಡಿನ ತಮಿಳರ ಮುದುಕ. ಕನ್ನಡಕವನ್ನು ಹಣೆಗೇರಿಸಿ ಗಾಜಿನ ಮೇಲೆ ಉಗುರು ಓಡಿಸಿದ, ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ. ಆ ಉಗುರು ಬಿರುಕಿನ ಮೇಲೆ ಸಾಗುವಾಗ ಗೋಪಾಲಪ್ಪನಿಗೆ ಅದು ತನ್ನ ಬೆನ್ನ ಮೇಲೆಯೇ ಸಾಗಿದಂತಾಯಿತು. ಇನ್ನು ತಡೆಯಲಾಗಲಿಲ್ಲ.

"ನೋಡಿ, ಶನಿವಾರ ಸಂಜೆ ನಾನೇ..." ಎಂದು ತೊಡಗಿದ.

"ಯಾರೂ ಏನೂ ಮಾಡಿಲ್ಲ ಸಾರ್" ಎಂದ ಮೇಸ್ತ್ರಿ, ಅವನ ಮಾತಿಗೆ ಕಿವಿಗೊಡದೆ. "ಏಟು ಬಿದ್ದಿದ್ರೆ ಬಿದ್ದ ಜಾಗ ತೋರ್ಸುತ್ತೆ. ಇದು ಅಂಚಿಂದ ಹೊರಟಿದೆ, ನೋಡಿ. ಚೌಕಟ್ಟು ಬಿಗಿ. ಬಿಸ್ಲಿಗೆ ಗಾಜು ಹಿಗ್ಗೋಕೆ ಜಾಗ ಇಲ್ಲ, ಒಡ್ದು ಹೋಗುತ್ತೆ. ಈ ಸಲ ಹಡಗಲ್ಲಿ ಬಂದ ಗಾಡೀಲಿ ಇನ್ನೂ ಕೆಲವು ಹಿಂಗೇ ಬಂದಿವೆ."

"ಡಿಕ್ಕಿ ಜೋರಾಗಿ ಬಡಿದ್ರೆ?"

"ಬಡಿದ್ರೆ ಡಿಕ್ಕಿ ಕೆಡುತ್ತೆ ಸಾರ್. ಗಾಜಿಗೇನಾಗುತ್ತೆ?"

"ತುಂಬಾ ಜೋರಾಗಿ ಬಡಿದ್ರೂ?"

ಮೇಸ್ತ್ರಿ ಕನ್ನಡಕ ಇಳಿಸಿ ಅವನನ್ನು ನೋಡಿದ. "ನಿಮಗೆ ಗ್ಯಾರಂಟಿ ಬೇಕಾ ಬೇಡ್ವಾ ಸಾರ್?" ಎಂದ.

ಬೇಕು ಎಂದ ಗೋಪಾಲಪ್ಪ. ಅಲ್ಲೇ ಗೋಡೆಗೊರಗಿಸಿದ್ದ ಹಳೆಯ ಚಕ್ರವೊಂದರ ಮೇಲೆ ಕೂತ. ಎರಡು ದಿನ ಹೊತ್ತು ತಿರುಗಿದ ಅಪರಾಧವನ್ನು ಯಾರೋ ಕೈಯಿಂದ ತೆಗೆದುಕೊಂಡು, ಇದು ನಿಮ್ಮದಲ್ಲ ಎಂದು ಪಕ್ಕಕ್ಕಿಟ್ಟಂತಿತ್ತು. ಹಗುರಾಗಬೇಕಿತ್ತು. ಆಗಲಿಲ್ಲ. ಆಳುಗಳು ಹಳೆಯ ಗಾಜನ್ನು ರಬ್ಬರಿನಿಂದ ಬಿಡಿಸಿ ತೆಗೆದರು. ಕಾರಿನ ಹಿಂಭಾಗದಲ್ಲಿ ಒಂದು ತೆರೆದ ಬಾಯಿ ಉಳಿಯಿತು. ಆ ಬಾಯಿಯ ಮೂಲಕ ಸೀಟು, ಸ್ಟಿಯರಿಂಗು, ಆಚೆಯ ಗೇಟು, ಗೇಟಿನ ಬಳಿ ಬೆನ್ನು ಮಾಡಿ ನಿಂತು ಹೊಗೆ ಬಿಡುತ್ತಿದ್ದ ಮುನಿಶಾಮಪ್ಪ, ಎಲ್ಲವೂ ಕಂಡವು. ಗಾಜು ಒಡೆದದ್ದು ನಾನಲ್ಲ. ಆದರೆ ಭಾನುವಾರ ನನಗೆ ಅದು ಗೊತ್ತಿರಲಿಲ್ಲವಲ್ಲ. ನಾನೇ ಒಡೆದದ್ದೆಂದು ನಂಬಿಕೊಂಡೇ ಅವನನ್ನು ಬಿಟ್ಟುಕೊಟ್ಟೆನಲ್ಲ. ಅದನ್ನು ಯಾವ ಮೇಸ್ತ್ರಿ ಬಿಡಿಸಿ ತೆಗೆಯುತ್ತಾನೆ? ಹೊಸ ಗಾಜು ಕೂತಾಗ ಮೇಸ್ತ್ರಿ ಅದನ್ನು ಬಟ್ಟೆಯಿಂದ ಎಷ್ಟು ಚೆನ್ನಾಗಿ ಒರೆಸಿದನೆಂದರೆ, ಅಲ್ಲಿ ಏನೂ ಇಲ್ಲವೆನ್ನಿಸಿತು.

ಹಿಂದಕ್ಕೆ ಬರುವಾಗ ಯಲಹಂಕದ ಬಳಿ ಮುನಿಶಾಮಪ್ಪ ತಾನಾಗಿಯೇ ಒಂದು ಕಾಫಿ ಹೋಟೆಲಿನ ಮುಂದೆ ನಿಲ್ಲಿಸಿದ. ಇಷ್ಟು ದಿನ ಕೇಳದೆ ಎಲ್ಲೂ ನಿಲ್ಲಿಸಿದವನಲ್ಲ. ಕೆಲಸ ಹೋದವನ ಸಲಿಗೆ ಇದು ಎಂದುಕೊಂಡ ಗೋಪಾಲಪ್ಪ. ಇಬ್ಬರೂ ಹೊಂಗೆ ಮರದ ಕೆಳಗೆ ನಿಂತರು. ಲೋಟದ ಬಿಸಿಗೆ ಬೆರಳು ಬದಲಾಯಿಸುತ್ತ ಗೋಪಾಲಪ್ಪ, ಒಳ್ಳೆಯ ಸುದ್ದಿ ಕೊಡುವವನ ದನಿ ತಂದುಕೊಂಡು, ಮೇಸ್ತ್ರಿ ಹೇಳಿದ್ದನ್ನೆಲ್ಲ ಹೇಳಿದ. "ಯಾರ ತಪ್ಪೂ ಅಲ್ವಂತೆ ಮುನಿಶಾಮಪ್ಪ. ಕಂಪ್ನೀದೇ ತಪ್ಪು. ಮಾವನಿಗೆ ಹೇಳ್ತೀನಿ, ನೀನೆಲ್ಲಿಗೂ ಹೋಗೋದು ಬೇಡ."

ಮುನಿಶಾಮಪ್ಪ ಕಾಫಿ ಕುಡಿಯುವುದನ್ನು ನಿಲ್ಲಿಸಿದ. "ಹಂಗಾದ್ರೆ ನೀವಲ್ವಾ?" ಎಂದ.

ಎತ್ತಿನ ಗಾಡಿಯೊಂದು ಕೀರಲು ಸದ್ದು ಮಾಡುತ್ತ ಹಾದುಹೋಯಿತು. ಅದು ಹೋಗುವವರೆಗೂ ಇಬ್ಬರೂ ಅದನ್ನೇ ನೋಡಿದರು.

"ನೀನು ನೋಡಿದ್ಯಾ?"

"ಕೊಟ್ಟಿಗೆ ಮೂಲೇಲೇ ಮಲಗಿದ್ನಲ್ಲ ಸ್ವಾಮಿ. ಎರಡು ಕಿತ ಬಡಿದ್ರಿ. ಏನಾಯ್ತಪ್ಪ ಇವ್ರಿಗೆ ಅಂದ್ಕೊಂಡೆ. ಬೆಳಿಗ್ಗೆ ಗಾಜು ನೋಡಿದ್ಮೇಲೆ, ಓ ಇದಾ ಅಂದ್ಕೊಂಡೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ಏನಾಯ್ತಿತ್ತು? ನಂಗೆ ಇದಲ್ದಿದ್ರೆ ಇನ್ನೊಂದು ಕಾರು. ಚಿಕ್ಕಬಳ್ಳಾಪುರದ ಬಸ್ಸಿನೋರು ಕರೀತಾನೇ ಅವ್ರೆ. ನಿಮಗೆ ಇನ್ನೊಂದು ಮನೆ ಎಲ್ಲೈತೆ?" ಅವನ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಅದಕ್ಕೇ ಅದು ಆಳಕ್ಕಿಳಿಯಿತು. ಆಮೇಲೆ ಲೋಟವನ್ನು ಅಲುಗಿಸಿ ತಳದ ಕಾಫಿ ನೋಡುತ್ತ, "ಬರೀ ದೊಡ್ಡತನ ಅಂತ ತಿಳ್ಕೋಬೇಡಿ. ಸುಳ್ಳು ಯಾಕೆ ಹೇಳ್ಲಿ? ನಾಳೆ ಗೌಡ್ರ ಕಾಲ ಆದ್ಮೇಲೆ ಎಲ್ಲಾ ನಿಮ್ಮದೇ. ಮುನಿಶಾಮಿ ನನ್ನ ಮಾನ ಕಾಪಾಡ್ದ ಅಂತ ನಿಮ್ಮ ಮನಸ್ಸಲ್ಲಿರ್ಲಿ, ಒಂದು ಹಿಡಿತ ಇರ್ಲಿ ಅಂತಾನೂ ಇತ್ತು. ಈಗ ನೀವು ಮಾಡೇ ಇಲ್ಲ ಅಂದ್ರೆ ನಾನು ಕಾಪಾಡಿದ್ದಾದ್ರೂ ಏನು?" ಎಂದು ಸಣ್ಣಗೆ ನಕ್ಕ. ನಗು ಮೋಸಹೋದವನದಾಗಿತ್ತು.

ಉಳಿದ ದಾರಿಯಲ್ಲಿ ಗೋಪಾಲಪ್ಪ ಮುಂದೆಯೇ, ಅವನ ಪಕ್ಕ ಕೂತ. ಹಾಗೆ ಕೂತದ್ದರಲ್ಲೂ ಏನೋ ತೋರಿಕೆಯಿದೆ ಎನ್ನಿಸಿ ಚಿಕ್ಕಜಾಲದವರೆಗೆ ಮುಜುಗರಪಟ್ಟ. ತನ್ನ ಬಗ್ಗೆ ಡ್ರೈವರನೊಬ್ಬ ಕರುಣೆಯಿಂದ, ಲೆಕ್ಕಾಚಾರದಿಂದ, ಎರಡರಿಂದಲೂ ಯೋಚಿಸಿದ್ದ. ತಾನು ಅವನ ಬಗ್ಗೆ ಯಾವುದರಿಂದಲೂ ಯೋಚಿಸಿರಲಿಲ್ಲ. ಕಾಗೆ ನೋಡುತ್ತಿದ್ದೆ.

ಮನೆ ಮುಂದೆ ಕಾರು ನಿಂತಾಗ ಬಿಸಿಲು ಇಳಿಯುತ್ತಿತ್ತು. ಪಿಳ್ಳಪ್ಪ ಜಗಲಿಯಿಂದಿಳಿದು ಬಂದು ಹೊಸ ಗಾಜನ್ನು ಹೆಗಲ ಮೇಲಿನ ವಲ್ಲಿಯಿಂದ ಒರೆಸಿ, ಬೆರಳಲ್ಲಿ ತಟ್ಟಿ, "ಭೇಷ್! ಇಂಗ್ಲೀಷಲ್ಲಂದ್ಯಾ?" ಎಂದರು.

"ಅವ್ರೇ ಅಂದ್ರು ಮಾವ. ಕಂಪ್ನೀದೇ ತಪ್ಪಂತೆ. ನಿಜ್ವಾಗ್ಲೂ ತಾನಾಗೇ ಸೀಳಿರೋದು. ಮುನಿಶಾಮಪ್ಪ ಏನೂ ಮಾಡಿಲ್ಲ."

ಪಿಳ್ಳಪ್ಪ ಅರೆಗಳಿಗೆ ಅಳಿಯನ ಮುಖ ನೋಡಿದರು. ಅವರ ಮುಖದಲ್ಲಿ ಏನೋ ಸಡಿಲವಾಯಿತು. "ಹಂಗಾ? ಸರಿ ಹಂಗಾದ್ರೆ. ಇರ್ತಾನೆ ಬುಡು. ಲೇ, ಇದ್ಕೊಳ್ಳಲಾ."

ಮುನಿಶಾಮಪ್ಪ ಬೀಗದಕೈಯನ್ನು ಜಗಲಿಯ ಅಂಚಿನ ಮೇಲಿಟ್ಟ. "ಬೇಡ ಗೌಡ್ರೇ. ಹೋಗು ಅಂತ ಒಂದು ಕಿತ ಅಂದ್ಮೇಲೆ ಕಾಲು ನಿಲ್ಲಾಕಿಲ್ಲ" ಎಂದು ಕೊಟ್ಟಿಗೆಗೆ ಹೋಗಿ, ಮಿಲ್ಟ್ರಿಯ ಹಸಿರು ಬಣ್ಣದ ಟ್ರಂಕನ್ನು ಹೆಗಲಿಗೇರಿಸಿಕೊಂಡು ಬಂದು, ಇಬ್ಬರಿಗೂ ಸೇರಿಸಿ ಒಂದು ಕೈಯೆತ್ತಿ ನಮಸ್ಕರಿಸಿ ಬೀದಿಗಿಳಿದ.

"ಏನು ಕೊಬ್ಬು ನೋಡು" ಎಂದರು ಪಿಳ್ಳಪ್ಪ.

"ಶನಿವಾರ ಡಿಕ್ಕಿ ಬಡಿದಿದ್ದು ನಾನು ಮಾವ." ಮಾತು ಹೊರಬಿದ್ದ ಮೇಲೆ ಗೋಪಾಲಪ್ಪನಿಗೆ ಅದು ತನ್ನದೇ ದನಿಯೆಂದು ತಿಳಿಯಿತು. "ಸಿಟ್ಟಲ್ಲಿ ಬಡಿದೆ. ಮುರೀಲಿ ಅಂತಲೇ ಬಡಿದೆ."

ಪಿಳ್ಳಪ್ಪ ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. ಸಿಟ್ಟಾಗುತ್ತಾರೆ ಎಂದು ಗೋಪಾಲಪ್ಪ ಕಾದ, ಬಹುಶಃ ಆಸೆಪಟ್ಟ. "ಮುರೀಲಿಲ್ವಲ್ಲ" ಎಂದರು ಅವರು, ಬಹಳ ಮೃದುವಾಗಿ. "ಬುಡು. ಕಾಲು ತೊಳ್ಕೊಂಡು ಉಣ್ಣಾಕೇಳು." ಒಳಗೆ ಹೋದರು.

ಅಂಜಿನಮ್ಮ ನೀರಿನ ಚೊಂಬು ಹಿಡಿದು ಹೊರಗೆ ಬಂದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಮುಖ ಕೆಂಪಾಗಿತ್ತು. "ಯಾಕೆ ಹೇಳಾಕೋದ್ರಿ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು. "ಅವತ್ತು ಆ ಸದ್ದು ನಮಗೆಲ್ಲ ಕೇಳಿಸ್ತು. ನೆಂಟರಿಗೂ ಕೇಳಿಸ್ತು. ನೀವು ಬರೋವರೆಗೂ ಜಗಲೀಲಿ ಯಾರೂ ಮಾತಾಡಲಿಲ್ಲ. ಬೆಳಿಗ್ಗೆ ಗಾಜು ನೋಡಿ ಅಪ್ಪ ಅಂದ್ರು, ಅಳಿಯನ್ನ ಅನ್ನೋಕಾಯ್ತದಾ, ಅಂದ್ರೆ ಮಗಳ ಮಾನ ಹೋಗ್ತದೆ, ಡ್ರೈವರ್ ಮ್ಯಾಲೆ ಹಾಕ್ಬುಡ್ತೀನಿ ಅಂತ. ಮುಗ್ದೋಗಿತ್ತು. ನೀವೇ ಎತ್ತಿದ್ರಿ."

ಚೊಂಬಿನ ನೀರಿನಲ್ಲಿ ಮನೆಯ ಸೂರು ನಡುಗುತ್ತಿತ್ತು. ಗೋಪಾಲಪ್ಪ ಚೊಂಬಿಗೆ ಕೈ ಚಾಚಿದ, ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡ. ಎಲ್ಲರೂ ಗೊತ್ತಿದ್ದೇ, ತನಗೊಬ್ಬನಿಗೆ ಹೇಳದೆ, ತನ್ನ ಸುತ್ತ ಗೋಡೆ ಕಟ್ಟಿದ್ದರು. ಎಲ್ಲರಿಗೂ ತನ್ನ ಅಪರಾಧ ಕಂಡಿತ್ತು, ಯಾರಿಗೂ ಅದು ಬೇಕಾಗಿರಲಿಲ್ಲ. ಅದು ನಿಜವೇ ಆಗಿರಲಿಲ್ಲ ಎಂಬುದೂ ಈಗ ಯಾರಿಗೂ ಬೇಕಿಲ್ಲ. ಕಳೆದುಹೋದವನು ಒಬ್ಬನೇ, ಅವನು ಬೀದಿಯ ತಿರುವಿನಲ್ಲಿ ಟ್ರಂಕನ್ನು ಇನ್ನೊಂದು ಹೆಗಲಿಗೆ ಬದಲಾಯಿಸುತ್ತಿದ್ದಾನೆ.

"ಎಲ್ಲಿಗೋದ್ರಿ?" ಅಂಜಿನಮ್ಮ ಕೂಗಿದಳು. "ತಟ್ಟೆ ಹಾಕ್ತಾ ಅವ್ರೆ, ಏನೂಂದ್ರೆ!"

ಗೋಪಾಲಪ್ಪ ಆಗಲೇ ಬೀದಿಯಲ್ಲಿದ್ದ. ಮೊದಲು ಬೇಗ ನಡೆದ, ಆಮೇಲೆ ಪಂಚೆಯ ಅಂಚನ್ನು ಕೈಯಲ್ಲಿ ಹಿಡಿದು ಓಡಿದ. ಜಗಲಿಗಳ ಮೇಲೆ ಕೂತಿದ್ದವರು ಮಾತು ನಿಲ್ಲಿಸಿ, ಗೌಡರ ಅಳಿಯ ಓಡುತ್ತಿರುವುದನ್ನು ನೋಡಿದರು. ಯಾರೋ, "ಏನಾಯ್ತು ಸ್ವಾಮಿ?" ಎಂದು ಕೇಳಿದರು. ಕೋಟೆಯ ಬಾಗಿಲ ಬಳಿ ಮುನಿಶಾಮಪ್ಪ ಹೆಜ್ಜೆ ಸಪ್ಪಳಕ್ಕೆ ತಿರುಗಿ, ಟ್ರಂಕನ್ನು ನೆಲಕ್ಕಿಳಿಸಿ ನಿಂತ. ಗೋಪಾಲಪ್ಪನಿಗೆ ಏದುಸಿರು. ಬಗ್ಗಿ ಟ್ರಂಕಿನ ಒಂದು ಹಿಡಿಯನ್ನು ಹಿಡಿದುಕೊಂಡ.

"ಬುಡಿ ಸ್ವಾಮಿ, ಜನ ನೋಡ್ತಾರೆ."

"ನೋಡ್ಲಿ."

"ಎಲ್ಲೀಗಂಟ ಬರ್ತೀರಿ?"

"ಬಸ್ಸು ನಿಲ್ಲೋ ಕಡೆವರೆಗೆ."

"ಆಮ್ಯಾಕೆ?"

ಗೋಪಾಲಪ್ಪ ಉತ್ತರ ಯೋಚಿಸಿದ. ದೊಡ್ಡ ಉತ್ತರಗಳು ಒಂದೆರಡು ಬಂದವು. ಅವನ್ನು ನಂಬಲಾಗಲಿಲ್ಲ.

"ಆಮೇಲೆ ಹಿಂದಕ್ಕೆ ಬಂದು ಊಟ ಮಾಡ್ತೀನಿ" ಎಂದ.

ಮುನಿಶಾಮಪ್ಪ ಅವನ ಮುಖವನ್ನೊಮ್ಮೆ ನೋಡಿ, ಬಗ್ಗಿ ಇನ್ನೊಂದು ಹಿಡಿಯನ್ನು ಹಿಡಿದ. ಟ್ರಂಕು ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಇಬ್ಬರ ಎತ್ತರ ಒಂದೇ ಅಲ್ಲದ್ದರಿಂದ ಅದು ಗೋಪಾಲಪ್ಪನ ಕಡೆ ವಾಲಿ, ಹೆಜ್ಜೆ ಹೆಜ್ಜೆಗೂ ಅವನ ಮೊಣಕಾಲಿಗೆ ಬಡಿಯುತ್ತಿತ್ತು.